ಬಾದಾಮಿಯಿಂದ ಇಳಕಲ್ಲಿಗೆ: ದಾರಿ ಕಲಿಸುವ ಸವಾರಿ

ಬಾದಾಮಿ ಎಂದೊಡನೆ ಯಾತ್ರಿಕರ ಕಣ್ಣಮುಂದೆ ನಿಲ್ಲುವುದು ಕೆಂಪು ಬಂಡೆಯ ಗುಹೆಗಳು, ಅಗಸ್ತ್ಯ ತೀರ್ಥದ ನೀರು, ಬನಶಂಕರಿಯ ತೇರು. ಆದರೆ ಈ ಸೀಮೆಯನ್ನು ತಿರುಗಾಡಿ ಬಲ್ಲವರಿಗೆ ಅದರ ಇನ್ನೊಂದು ಗುಣವೂ ಗೊತ್ತು. ಇಲ್ಲಿ ನೆಲವು ಊರಿನಿಂದ ಊರಿಗೆ ಬದಲಾಗುತ್ತದೆ. ಗುಡ್ಡದ ಬುಡದಲ್ಲಿ ಗರಸು, ಮಲಪ್ರಭೆಯ ದಂಡೆಯಲ್ಲಿ ಉಸುಕು, ಏರಿನ ಮೇಲೆ ಮಸಾರಿ, ಹುನಗುಂದದ ಬಯಲಿಗೆ ಬಂದರೆ ಕಪ್ಪು ಎರೆ. ಡಾಂಬರು ರಸ್ತೆಯಿಂದ ಒಂದು ಫರ್ಲಾಂಗು ಒಳಗೆ ಹೊರಳಿದರೆ ಸಾಕು, ವಾಹನ ನಡೆಸುವವನು ಹೊಸದಾಗಿ ಕಲಿಯಬೇಕಾಗುತ್ತದೆ.

ಹಿಂದೆ ಈ ದಾರಿಗಳಲ್ಲಿ ಜಾತ್ರೆಗೆ ಹೋಗುವ ಕುಟುಂಬಗಳು ಚಕ್ಕಡಿ ಕಟ್ಟುತ್ತಿದ್ದವು. ಇಂದು ಮನೆಯ ಮುಂದೆ ಮೋಟಾರ್ ಸೈಕಲ್ಲು ಇದೆ, ಹೆಣ್ಣುಮಕ್ಕಳಿಗೆ ಸ್ಕೂಟರು ಇದೆ, ಹೊಲವುಳ್ಳವರ ಮನೆಯಲ್ಲಿ ಟ್ರ್ಯಾಕ್ಟರು ಇದೆ. ವಾಹನ ಬಂದಿತು, ಆದರೆ ಅದರ ಮೇಲೆ ಹೇಗೆ ಕೂರಬೇಕೆಂಬ ಪಾಠ ಮಾತ್ರ ಅನೇಕ ಮನೆಗಳಿಗೆ ಬರಲಿಲ್ಲ. ಬೀಗದ ಕೈ ಕೊಟ್ಟುಬಿಟ್ಟರೆ ಮಗ ತಾನಾಗಿ ಕಲಿಯುತ್ತಾನೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದುದರಿಂದ ಬಾದಾಮಿಯಿಂದ ಹೊರಟು ಬನಶಂಕರಿ, ಶಿವಯೋಗಮಂದಿರ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಹುನಗುಂದ, ಕೂಡಲಸಂಗಮಗಳನ್ನು ಕಂಡು ಇಳಕಲ್ಲಿನಲ್ಲಿ ಮುಗಿಯುವ ಒಂದು ಯಾತ್ರೆಯನ್ನು ಇಲ್ಲಿ ವಿವರಿಸುತ್ತ, ಆಯಾ ದಾರಿಯು ಸವಾರನ ಮೈಯಿಂದ ಏನನ್ನು ಬೇಡುತ್ತದೆಂಬುದನ್ನು ಓದುಗ ಬಂಧುಗಳ ಮುಂದಿಡುತ್ತೇವೆ.

ಕಲ್ಲಿನಲ್ಲಿ ಕಂಡ ಭಂಗಿ

ಮೊದಲನೆಯ ಪುಲಕೇಶಿಯು ಕ್ರಿ.ಶ. 543ರಲ್ಲಿ ಇಲ್ಲಿನ ಬೆಟ್ಟವನ್ನು ಕೋಟೆಯನ್ನಾಗಿ ಮಾಡಿದನೆಂದು ಬಂಡೆಯ ಮೇಲಿನ ಶಾಸನ ಹೇಳುತ್ತದೆ. ಮೂರನೆಯ ಗುಹೆಯಲ್ಲಿ ಮಂಗಲೇಶನ 578ರ ಶಾಸನವಿದೆ. ಆದರೆ ನಮ್ಮ ವಿಷಯಕ್ಕೆ ಬೇಕಾದುದು ಮೊದಲನೆಯ ಗುಹೆಯ ಹೊರಮಗ್ಗುಲಿನಲ್ಲಿರುವ ಹದಿನೆಂಟು ಕೈಗಳ ನಟರಾಜ. ಯಾತ್ರಿಕರು ಕೈಗಳನ್ನು ಎಣಿಸಿ ಮುಂದೆ ಹೋಗುತ್ತಾರೆ. ಸ್ವಲ್ಪ ನಿಂತು ಕಾಲುಗಳನ್ನು ನೋಡುವುದು ಒಳ್ಳೆಯದು. ಮಂಡಿಗಳು ಬಾಗಿವೆ, ನಡು ಸಡಿಲವಾಗಿದೆ, ಮೈಯ ಭಾರವೆಲ್ಲ ಪಾದಕ್ಕೆ ಇಳಿದಿದೆ. ಮಂಡಿ ಸೆಟೆಸಿ ನಿಂತವನು ಕುಣಿಯಲಾರನೆಂಬುದು ಆ ಶಿಲ್ಪಿಗೆ ಗೊತ್ತಿತ್ತು.

ಮೋಟಾರ್ ಸೈಕಲ್ಲಿನ ಮೇಲೆ ಕೂರುವ ಸರಿಯಾದ ಬಗೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಪೀಠವು ಕುರ್ಚಿಯಂತೆ ಕಂಡರೂ ಅದರ ಮೇಲೆ ಒರಗಿ ಕೂರತಕ್ಕದ್ದಲ್ಲ. ಪಾದಗಳ ಉಬ್ಬುಭಾಗ ಕಾಲುಮೆಟ್ಟಿನ ಮೇಲಿರಬೇಕು, ಬೆರಳುಗಳು ಮುಂದಕ್ಕೆ ಚಾಚಿರಬೇಕು. ಹೊರಕ್ಕೆ ಚಾಚಿದ ಪಾದ ಕಲ್ಲಿಗೋ ಎದುರಿನ ವಾಹನಕ್ಕೋ ತಗಲುತ್ತದೆ. ಮೊಣಕಾಲುಗಳು ಪೆಟ್ರೋಲ್ ಟಾಕಿಯನ್ನು ಹಗುರಾಗಿ ಒತ್ತಿಕೊಂಡಿರಬೇಕು. ವಾಹನವನ್ನು ಹಿಡಿಯುವ ನಿಜವಾದ ಹಿಡಿತ ಮೊಣಕಾಲಿನದು. ಮೊಣಕೈಗಳು ಸ್ವಲ್ಪ ಬಾಗಿ ಹೊರಕ್ಕಿರಲಿ, ಭುಜಗಳು ಇಳಿದಿರಲಿ, ಹ್ಯಾಂಡಲನ್ನು ಹಿಡಿದ ಮುಷ್ಟಿ ಬಿಗಿಯಾಗದಿರಲಿ. ಮುಂದಿನ ಗಾಲಿ ಕಲ್ಲಿಗೆ ತಾಗಿ ನಡುಗಿದಾಗ ಆ ನಡುಕ ಬಿಗಿಹಿಡಿದ ಕೈಯ ಮೂಲಕ ಮೈಗೆಲ್ಲ ಏರಿ, ಮರಳಿ ಹ್ಯಾಂಡಲಿಗೇ ಇಳಿದು, ವಾಹನ ತೊನೆಯುತ್ತದೆ. ಸಡಿಲ ಕೈಯಲ್ಲಿ ಅದು ಮೊಣಕೈಯಲ್ಲಿಯೇ ಸಾಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ದೃಷ್ಟಿ. ಕಣ್ಣು ಎತ್ತ ನೋಡುತ್ತದೆಯೋ ವಾಹನ ಅತ್ತ ಹೋಗುತ್ತದೆ. ಮುಂದಿನ ಗಾಲಿಯ ಕೆಳಗಿನ ಗುಂಡಿಯನ್ನೇ ನೋಡುತ್ತ ಹೋದವನು ಆ ಗುಂಡಿಗೇ ಇಳಿಯುತ್ತಾನೆ. ಗುಂಡಿಯನ್ನು ದೂರದಿಂದ ಕಂಡು, ಅದರ ಪಕ್ಕದ ಒಳ್ಳೆಯ ನೆಲದ ಮೇಲೆ ಕಣ್ಣಿಡುವುದು ಅಭ್ಯಾಸವಾಗಬೇಕು.

ಸ್ಕೂಟರಿನವರಿಗೆ ಮೊಣಕಾಲಿನಿಂದ ಹಿಡಿಯಲು ಟಾಕಿ ಇರುವುದಿಲ್ಲ. ಗಾಲಿಯೂ ಚಿಕ್ಕದಾದುದರಿಂದ ಸಣ್ಣ ಗುಂಡಿಯಲ್ಲಿಯೂ ಆಳಕ್ಕೆ ಇಳಿಯುತ್ತದೆ. ಎರಡೂ ಪಾದಗಳನ್ನು ಹಲಗೆಯ ಮೇಲೆ ಪೂರ್ತಿಯಾಗಿ ಊರಿ, ವೇಗವನ್ನು ಇನ್ನಷ್ಟು ತಗ್ಗಿಸುವುದೇ ಅವರಿಗಿರುವ ಉಪಾಯ. ಕಾಲಿಡುವ ಆ ಜಾಗದಲ್ಲಿ ಚೀಲ, ಕೊಡ, ಸಿಲಿಂಡರುಗಳನ್ನಿಟ್ಟು ಕಾಲನ್ನು ಹೊರಗೆ ತೂಗಾಡಿಸಿಕೊಂಡು ಹೋಗುವುದು ಅಪಾಯವನ್ನು ಕರೆದಂತೆ.

ಬನಶಂಕರಿಯ ಜನಸಾಗರ

ಬಾದಾಮಿಯಿಂದ ಸುಮಾರು 5 ಕಿಲೋಮೀಟರು ದೂರದ ಚೊಳಚಗುಡ್ಡದ ಬಳಿ ಬನಶಂಕರಿಯ ಗುಡಿಯಿದೆ. ಪುಷ್ಯ ಮಾಸದ ಬನದ ಹುಣ್ಣಿಮೆಯಂದು ತೇರು ಎಳೆದ ಮೇಲೆ ಜಾತ್ರೆ ಹಲವು ವಾರಗಳವರೆಗೆ ನಡೆಯುತ್ತದೆ. ನಾಟಕದ ತಂಬುಗಳು, ಬಳೆಯ ಅಂಗಡಿಗಳು, ಬಾಗಿಲು ಚೌಕಟ್ಟುಗಳ ಮಾರಾಟ, ದನದ ಪೇಟೆ ಎಲ್ಲವೂ ಸೇರಿದಾಗ ಈ ದಾರಿಯಲ್ಲಿ ವಾಹನ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು.

ವೇಗವಾಗಿ ಓಡಿಸುವುದು ಸುಲಭ, ಮೆಲ್ಲಗೆ ಓಡಿಸುವುದೇ ಕಷ್ಟ. ಓಡುವ ಗಾಲಿಯು ತನ್ನ ಓಟದಿಂದಲೇ ನೆಟ್ಟಗೆ ನಿಲ್ಲುತ್ತದೆ. ಓಟ ಕುಗ್ಗಿದಂತೆ ಆ ಕೆಲಸ ಸವಾರನ ಮೈಗೆ ಬರುತ್ತದೆ. ಜನಸಂದಣಿಯಲ್ಲಿ ಮೊದಲ ಗೇರಿನಲ್ಲಿದ್ದು, ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕಿನ ಮೇಲೆ ಪಾದವನ್ನು ಹಗುರಾಗಿ ಇಟ್ಟು, ತಲೆಯೆತ್ತಿ ನಡೆಸಬೇಕು. ಹ್ಯಾಂಡಲು ತಿರುಗಿರುವಾಗ ಮುಂದಿನ ಬ್ರೇಕನ್ನು ಒತ್ತಿದರೆ ವಾಹನ ನಿಂತಲ್ಲಿಯೇ ಮಗ್ಗುಲಿಗೆ ಬೀಳುತ್ತದೆ. ಮಕ್ಕಳನ್ನು ಟಾಕಿಯ ಮೇಲೆ ಕೂರಿಸಿಕೊಂಡು ಬರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಕುಳಿತ ಮಗು ತಂದೆಯ ಮೊಣಕಾಲಿನ ಹಿಡಿತವನ್ನೂ ಕಸಿದುಕೊಳ್ಳುತ್ತದೆ, ಹ್ಯಾಂಡಲು ತಿರುಗುವ ಜಾಗವನ್ನೂ ಕಸಿದುಕೊಳ್ಳುತ್ತದೆ. ಗಾಡಿ ಥಟ್ಟನೆ ನಿಂತಾಗ ದೊಡ್ಡವರ ಭಾರವೆಲ್ಲ ಆ ಮಗುವಿನ ಮೇಲೆ ಬೀಳುತ್ತದೆ.

ಜಾತ್ರೆಗೆ ಟ್ರ್ಯಾಕ್ಟರಿನಲ್ಲಿ ಬರುವವರೂ ಬಹಳ. ಟ್ರ್ಯಾಕ್ಟರಿಗೆ ಎಡಗಾಲಿಗೊಂದು, ಬಲಗಾಲಿಗೊಂದು ಎಂದು ಬೇರೆ ಬೇರೆ ಬ್ರೇಕು ಪೆಡಲುಗಳಿರುತ್ತವೆ. ಹೊಲದಲ್ಲಿ ಸಾಲಿನ ತುದಿಗೆ ಬಂದಾಗ ಒಂದೇ ಮಗ್ಗುಲಿನ ಬ್ರೇಕು ಒತ್ತಿ ಚಿಕ್ಕ ಜಾಗದಲ್ಲಿ ಹೊರಳಿಸಲು ಈ ಏರ್ಪಾಡು. ರಸ್ತೆಗೆ ಬಂದೊಡನೆ ಎರಡನ್ನೂ ಕೊಂಡಿಯಿಂದ ಜೋಡಿಸಬೇಕು. ಜೋಡಿಸದೆ ವೇಗದಲ್ಲಿ ಬ್ರೇಕು ಒತ್ತಿದರೆ ಒಂದು ಗಾಲಿ ಮಾತ್ರ ನಿಂತು ಟ್ರ್ಯಾಕ್ಟರು ಗಕ್ಕನೆ ಹೊರಳಿ ಮಗುಚಬಹುದು. ಗಾಲಿಯ ಮೇಲಿನ ಮಡ್‌ಗಾರ್ಡಿನಲ್ಲಿ ಕುಳಿತವರಿಗೆ ಹಿಡಿಯಲು ಭದ್ರವಾದ ಆಸರೆಯಿಲ್ಲ. ಜಾರಿದರೆ ಹಿಂದೆ ದೊಡ್ಡ ಗಾಲಿ, ಅದರ ಹಿಂದೆ ಟ್ರೇಲರು. ಟ್ರ್ಯಾಕ್ಟರು ಒಬ್ಬನ ವಾಹನ. ಟ್ರೇಲರು ಸಾಮಾನಿನ ಗಾಡಿ. ಹೆಂಗಸರು ಮಕ್ಕಳೊಡನೆ ಜಾತ್ರೆಗೆ ಬರಲು ಬಸ್ಸೇ ಮೇಲು.

ಹೊಳೆಯ ದಂಡೆಯ ಉಸುಕು

ಬನಶಂಕರಿಯನ್ನು ದಾಟಿ ಮಲಪ್ರಭೆಯ ಕಡೆಗೆ ಹೋದರೆ ಶಿವಯೋಗಮಂದಿರ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯಲ್ಲಿ ವಟುಗಳಿಗೆ ಶಾಸ್ತ್ರ, ಯೋಗ, ಸಂಗೀತಗಳ ಶಿಕ್ಷಣ ನಡೆದು, ಇಲ್ಲಿಂದ ಹೊರಬಂದವರು ನಾಡಿನ ಅನೇಕ ಮಠಗಳನ್ನು ಬೆಳಗಿಸಿದರು. ಇಲ್ಲಿ ತಯಾರಾಗುವ ವಿಭೂತಿ ನಮ್ಮ ಮನೆಗಳಿಗೆ ಪರಿಚಿತ. ಬೆಳಗಿನ ಜಾವದಲ್ಲಿ ಬಂದರೆ ಹೊಳೆಯ ಮೇಲಿನ ತಂಗಾಳಿಯೂ ಮರಗಳ ನೆರಳೂ ಮನಸ್ಸನ್ನು ಹಗುರಗೊಳಿಸುತ್ತವೆ.

ಹೊಳೆಯ ಕಡೆಗೆ ಇಳಿಯುವ ಕಾಲುದಾರಿಗಳಲ್ಲಿ ಉಸುಕು ಸಿಗುತ್ತದೆ. ಉಸುಕಿನಲ್ಲಿ ಹೆದರಿ ಥಟ್ಟನೆ ವೇಗ ತಗ್ಗಿಸುವುದೇ ಬೀಳುವುದಕ್ಕೆ ಮೊದಲ ಕಾರಣ. ವೇಗ ತಗ್ಗಿದೊಡನೆ ಭಾರವೆಲ್ಲ ಮುಂದಿನ ಗಾಲಿಗೆ ಬಂದು ಅದು ಹೂತುಕೊಳ್ಳುತ್ತದೆ. ಉಸುಕು ಆರಂಭವಾಗುವ ಮೊದಲೇ ಗೇರು ಇಳಿಸಿ, ಮೈಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಒಂದೇ ಸಮನಾದ ಎಳೆತದಲ್ಲಿ ಸಾಗಬೇಕು. ಹ್ಯಾಂಡಲು ಅತ್ತಿತ್ತ ಅಲ್ಲಾಡಿದರೆ ಅದನ್ನು ಅಮುಕಬಾರದು, ಸಡಿಲವಾಗಿ ಆಡಲು ಬಿಡಬೇಕು. ಮುಂದಿನ ಬ್ರೇಕನ್ನು ಮುಟ್ಟಬಾರದು. ಹಿಂದೆ ಯಾರಾದರೂ ಕುಳಿತಿದ್ದರೆ ಅವರು ಇಳಿದು ನಡೆದು ಬರುವುದೇ ಸರಿ. ನೂರು ಹೆಜ್ಜೆ ನಡೆದರೆ ಯಾರ ಮಾನವೂ ಹೋಗುವುದಿಲ್ಲ.

ಮಳೆಗಾಲದಲ್ಲಿ ಇದೇ ಹೊಳೆಯ ರೂಪ ಬೇರೆ. 2009ರ ಅತಿವೃಷ್ಟಿಯನ್ನೂ 2019ರ ಆಗಸ್ಟಿನ ಪ್ರವಾಹವನ್ನೂ ಈ ಸೀಮೆಯ ಜನ ಮರೆತಿಲ್ಲ. 2019ರಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತ್ತು. ಸೇತುವೆಯ ಮೇಲೆ ನೀರು ಹರಿಯುತ್ತಿರುವಾಗ ಯಾವ ಜಾಣ್ಮೆಯೂ ಕೆಲಸಕ್ಕೆ ಬಾರದು. ಹರಿಯುವ ನೀರು ಗಾಲಿಯನ್ನು ಮಗ್ಗುಲಿಗೆ ತಳ್ಳುತ್ತದೆ, ಕೊಚ್ಚಿಹೋದ ರಸ್ತೆಯನ್ನು ಮುಚ್ಚಿಡುತ್ತದೆ. ಅಂದು ದಡದಲ್ಲಿ ಕುಳಿತು ನೀರು ಇಳಿಯುವುದನ್ನು ಕಾಯುವವನೇ ನುರಿತ ಸವಾರ.

ಮಹಾಕೂಟದ ಏರಿಳಿತ

ಗುಡ್ಡಗಳ ನಡುವೆ ಅಡಗಿರುವ ಮಹಾಕೂಟದಲ್ಲಿ ಬುಗ್ಗೆಯ ನೀರಿನ ಪುಷ್ಕರಿಣಿಯಿದೆ, ಸುತ್ತ ಚಾಲುಕ್ಯರ ಕಾಲದ ಶಿವಾಲಯಗಳಿವೆ. ಈ ಭಾಗದ ಏರು ಇಳಿಜಾರುಗಳಲ್ಲಿ ಮೈಯ ತೂಕವನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ನಮಗೆ ಉತ್ತರ ಸಿಕ್ಕಿದ್ದು ಚಕ್ಕಡಿ ಹೊಡೆಯುತ್ತಿದ್ದ ಒಬ್ಬ ವೃದ್ಧ ರೈತರಿಂದ. ಏರು ಬಂದಾಗ ಅವರು ಮುಂದಕ್ಕೆ ಸರಿದು ನೊಗದ ಹತ್ತಿರ ಕುಳಿತರು. ಇಳಿಯುವಾಗ ಹಿಂದಕ್ಕೆ ಸರಿದರು. ಕಡಿದಾದ ಕಡೆ ಇಳಿದೇ ನಡೆದರು.

“ಅಜ್ಜಾರ, ಹಿಂಗ್ಯಾಕ ಮುಂದ ಹಿಂದ ಸರಿದು ಕುಂದರತೀರಿ?” ಎಂದು ಕೇಳಿದೆವು.

“ಏರಿನ್ಯಾಗ ಹಿಂದ ಕುಂತ್ರ ನೊಗ ಮ್ಯಾಲೆದ್ದು ಎತ್ತಿನ ಕೊಳ್ಳು ಬಿಗೀತೈತಿ ತಮ್ಮಾ. ಇಳಕಿನ್ಯಾಗ ಮುಂದ ಕುಂತ್ರ ಭಾರೆಲ್ಲಾ ಅವುಗಳ ಹೆಗಲ ಮ್ಯಾಲೆ ಬೀಳತೈತಿ. ಗಾಡಿ ಹೊಡ್ಯಾವ ತಾನೂ ಒಂದು ಹೇರು ಅನ್ನೂದು ಮರೀಬಾರದು” ಎಂದರು ಅವರು. ಗಾಡಿ ಹೊಡೆಯುವುದನ್ನು ಕಲಿಸುವ ಮೊದಲು ಅವರ ತಂದೆ ಅವರನ್ನು ಒಂದು ಸುಗ್ಗಿಯುದ್ದಕ್ಕೂ ಪಕ್ಕದಲ್ಲಿ ಕೂರಿಸಿಕೊಂಡೇ ತಿರುಗಿದ್ದರಂತೆ.

ತಾನೂ ಒಂದು ಹೇರು ಎಂಬ ಮಾತಿನಲ್ಲಿ ಇಡೀ ವಿದ್ಯೆ ಅಡಗಿದೆ. ಮೋಟಾರ್ ಸೈಕಲ್ಲು ಏರನ್ನು ಹತ್ತುವಾಗ ಮೈಯನ್ನು ಮುಂದಕ್ಕೆ ಬಾಗಿಸಿದರೆ ಮುಂದಿನ ಗಾಲಿ ನೆಲವನ್ನು ಬಿಡುವುದಿಲ್ಲ. ಗೇರನ್ನು ಏರಿನ ಬುಡದಲ್ಲಿಯೇ ಇಳಿಸಿರಬೇಕು, ನಡುವೆ ಬದಲಿಸುತ್ತ ಎಳೆತ ಕಡಿದುಹೋದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಇಳಿಯುವಾಗ ಮೈ ಹಿಂದಕ್ಕೆ, ಗೇರು ಚಿಕ್ಕದು, ಬ್ರೇಕು ಮೆಲ್ಲಗೆ. ಎಂಜಿನ್ನು ಬಂದ್ ಮಾಡಿ, ಇಲ್ಲವೆ ಕ್ಲಚ್ಚು ಹಿಡಿದು ಪೆಟ್ರೋಲು ಉಳಿಸಲು ಇಳಿಜಾರಿನಲ್ಲಿ ಬಿಡುವ ಚಾಳಿ ಬಹಳ ಕೆಟ್ಟದ್ದು. ಎಂಜಿನ್ನಿನ ಹಿಡಿತ ತಪ್ಪಿದ ಮೇಲೆ ಉಳಿಯುವುದು ಬ್ರೇಕು ಒಂದೇ. ದೊಡ್ಡ ಕಲ್ಲುಗಳ ದಾರಿಯಲ್ಲಿ ಕಾಲುಮೆಟ್ಟಿನ ಮೇಲೆ ಅರ್ಧ ಎದ್ದು ನಿಂತು, ಮಂಡಿ ಬಾಗಿಸಿ ಸಾಗಬೇಕು. ಆಗ ಕೆಳಗಿನ ವಾಹನ ಕುಣಿದರೂ ಮೇಲಿನ ಮೈ ಕುಣಿಯುವುದಿಲ್ಲ, ಬೆನ್ನಿನ ಹುರಿಗೂ ಪೆಟ್ಟಿಲ್ಲ.

ನಾಲ್ಕು ಗಾಲಿಯ ಬೈಕು

ರಜೆಯಲ್ಲಿ ಗೋವೆಗೋ ಕೊಡಗಿಗೋ ಹೋದ ನಮ್ಮ ಮಕ್ಕಳು ಅಲ್ಲಿನ ವಿಹಾರಧಾಮಗಳಲ್ಲಿ ದಪ್ಪ ಟೈರುಗಳ ನಾಲ್ಕು ಗಾಲಿಯ ಬೈಕನ್ನು ಕಂಡು ಹಟ ಹಿಡಿಯುತ್ತಾರೆ. ಎಂಥ ನೆಲದ ಮೇಲೂ ಓಡುವಂತೆ ಮಾಡಿದ ಈ ವಾಹನಕ್ಕೆ ಎಟಿವಿ ಎಂದು ಹೆಸರು. ಜಪಾನಿನ ಹೋಂಡಾ ಕಂಪನಿ 1970ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಇದರ ಮೊದಲ ರೂಪಕ್ಕೆ ಮೂರೇ ಗಾಲಿಗಳಿದ್ದವು. ತಿರುವುಗಳಲ್ಲಿ ಮಗುಚಿ ಜನ, ಅದರಲ್ಲೂ ಮಕ್ಕಳು, ಗಾಯಗೊಳ್ಳುವುದು ಹೆಚ್ಚಾದುದರಿಂದ 1988ರಲ್ಲಿ ಅಲ್ಲಿನ ಸರಕಾರದೊಡನೆ ಒಪ್ಪಂದವಾಗಿ ಮೂರು ಗಾಲಿಯ ಹೊಸ ವಾಹನಗಳ ಮಾರಾಟ ನಿಂತಿತು. ಅಂದಿನಿಂದ ನಾಲ್ಕು ಗಾಲಿಯದೇ ರೂಢಿ.

ನಾಲ್ಕು ಗಾಲಿ ಇರುವುದರಿಂದ ಬೀಳುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ಮೋಟಾರ್ ಸೈಕಲ್ಲು ತಿರುವಿನಲ್ಲಿ ತಾನೇ ಒಳಕ್ಕೆ ವಾಲುತ್ತದೆ. ಈ ವಾಹನ ವಾಲಲಾರದು, ಆದುದರಿಂದ ಸವಾರನ ಮೈ ಅದರ ಬದಲಾಗಿ ತಿರುವಿನ ಒಳಮಗ್ಗುಲಿಗೆ ವಾಲಬೇಕು. ಏರಿನಲ್ಲಿ ಮುಂದಕ್ಕೆ, ಇಳಿಜಾರಿನಲ್ಲಿ ಹಿಂದಕ್ಕೆ, ಗುಡ್ಡದ ಮೈಗೆ ಅಡ್ಡಲಾಗಿ ಸಾಗುವಾಗ ಗುಡ್ಡದ ಮೇಲ್ಭಾಗದ ಕಡೆಗೆ ಮೈ ಸರಿಯಬೇಕು. ಚಕ್ಕಡಿಯ ಅಜ್ಜನ ಸೂತ್ರವೇ ಇದು. ಹೀಗೆ ಸರಿದಾಡಲೆಂದೇ ಅದರ ಪೀಠ ಉದ್ದವಾಗಿದೆ, ಎರಡನೆಯವರನ್ನು ಕೂರಿಸಲಿಕ್ಕಲ್ಲ. ಕಾಲುಗಳನ್ನು ಮೆಟ್ಟಿನಿಂದ ತೆಗೆದು ನೆಲಕ್ಕೆ ಊರಲು ಹೋದರೆ ಹಿಂದಿನ ಗಾಲಿ ಪಾದದ ಮೇಲೆ ಹತ್ತುತ್ತದೆ. ದೊಡ್ಡವರ ಅಳತೆಯ ಈ ವಾಹನವನ್ನು 16 ವರ್ಷದೊಳಗಿನವರು ನಡೆಸಬಾರದೆಂದು ಅಮೆರಿಕದಲ್ಲಿ ತಯಾರಕರೇ ಅದರ ಮೇಲೆ ಎಚ್ಚರಿಕೆ ಅಂಟಿಸುತ್ತಾರೆ. ಹತ್ತು ನಿಮಿಷದ ಸವಾರಿಗೆ ಹಣ ಕೊಡುವ ಮೊದಲು ತಂದೆತಾಯಿಗಳು ಮಗುವಿನ ವಯಸ್ಸು, ಶಿರಸ್ತ್ರಾಣ, ಕಲಿಸುವವನ ಉಪಸ್ಥಿತಿ ಈ ಮೂರನ್ನು ನೋಡಿಕೊಳ್ಳುವುದು ವಿಹಿತ.

ಐಹೊಳೆಯ ತಿರುವುಗಳು

ಮಹಾಕೂಟದಿಂದ ಪಟ್ಟದಕಲ್ಲಿಗೆ ಬಂದರೆ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ಸ್ವಾಗತಿಸುತ್ತದೆ. 1987ರಲ್ಲಿ ಇಲ್ಲಿನ ಸ್ಮಾರಕಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮುಂದೆ ಐಹೊಳೆ. ಮೇಗುತಿ ಗುಡಿಯಲ್ಲಿ ರವಿಕೀರ್ತಿಯ 634ರ ಶಾಸನವನ್ನು ನೋಡಿ, ಗಜಪೃಷ್ಠಾಕಾರದ ದುರ್ಗ ಗುಡಿಯನ್ನು ಸುತ್ತಿ, ಅಮೀನಗಡದ ಕಡೆಗೆ ಹೊರಡಬೇಕು.

ಈ ಗ್ರಾಮೀಣ ರಸ್ತೆಗಳಲ್ಲಿ ತಿರುವಿನ ಆಚೆಗೆ ಏನಿದೆಯೆಂಬುದು ತಿಳಿಯುವುದಿಲ್ಲ. ಕುರಿಯ ಹಿಂಡು ಇರಬಹುದು. ಸುಗ್ಗಿಯ ದಿನಗಳಲ್ಲಿ ಗಾಲಿಗೆ ಸಿಕ್ಕು ಕಾಳು ಬಿಡಿಸಲೆಂದು ರಸ್ತೆಯ ಮೇಲೆಯೇ ಹರಡಿದ ಬೆಳೆ ಇರಬಹುದು. ಒಣಗಿದ ಕಡ್ಡಿ, ಉದುರಿದ ಕಾಳು ಗಾಲಿಯ ಕೆಳಗೆ ಗುಂಡಿನಂತೆ ಉರುಳುತ್ತವೆ. ಅಂಥ ಕಡೆ ಬ್ರೇಕು ಒತ್ತುವುದೂ ಬೇಡ, ಹೊರಳಿಸುವುದೂ ಬೇಡ. ಮೊದಲೇ ವೇಗ ತಗ್ಗಿಸಿ ನೇರವಾಗಿ ದಾಟಬೇಕು. ರಸ್ತೆಯಲ್ಲಿ ಒಕ್ಕಣೆ ಮಾಡುವ ರೈತ ಬಂಧುಗಳಲ್ಲಿಯೂ ನಮ್ಮದೊಂದು ವಿನಂತಿ: ಒಕ್ಕುವ ಕೆಲಸಕ್ಕೆ ಕಣವೇ ಯೋಗ್ಯ. ರಾತ್ರಿ ಆ ರಾಶಿಯ ಸುತ್ತ ಇಡುವ ಕಲ್ಲುಗಳು ಮತ್ತೊಬ್ಬರ ಮನೆಯ ದೀಪ ಆರಿಸಬಾರದು.

ತಿರುವಿನ ನಿಯಮ ಸರಳ. ವೇಗವನ್ನು ತಿರುವಿನ ಮೊದಲೇ ತಗ್ಗಿಸುವುದು, ತಿರುವಿನೊಳಗೆ ಒಂದೇ ಸಮನಾದ ಎಳೆತದಲ್ಲಿರುವುದು, ಕಣ್ಣನ್ನು ದಾರಿ ಮುಗಿಯುವ ಕಡೆಗೆ ಇಡುವುದು. ಗಟ್ಟಿ ಡಾಂಬರಿನ ಮೇಲೆ ವಾಹನದೊಡನೆ ಮೈಯೂ ಒಳಕ್ಕೆ ವಾಲಲಿ. ಗರಸಿನ ಮೇಲಾದರೋ ವಾಹನವನ್ನು ಹೆಚ್ಚು ವಾಲಿಸದೆ ಮೆಲ್ಲಗೆ ಹೊರಳಿಸಬೇಕು. ಹಿಂದೆ ಕುಳಿತವರು ಹೆದರಿ ಎದುರು ಮಗ್ಗುಲಿಗೆ ವಾಲಿದರೆ ಸವಾರನ ಲೆಕ್ಕವೆಲ್ಲ ತಪ್ಪುತ್ತದೆ. ಅವರು ಸವಾರನ ಬೆನ್ನಿನ ನೆರಳಿನಂತೆ ಇರಬೇಕು.

ಹೆದ್ದಾರಿಯಿಂದ ಸಂಗಮಕ್ಕೆ

ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಹುನಗುಂದಕ್ಕೆ ಬಂದರೆ ಸೊಲ್ಲಾಪುರ, ವಿಜಯಪುರಗಳಿಂದ ಹೊಸಪೇಟೆ, ಚಿತ್ರದುರ್ಗಗಳಿಗೆ ಹೋಗುವ ಹೆದ್ದಾರಿ ಸಿಗುತ್ತದೆ. ಹಿಂದೆ 13ನೆಯ ಸಂಖ್ಯೆಯಿದ್ದ ಇದು ಈಗ 50ನೆಯ ರಾಷ್ಟ್ರೀಯ ಹೆದ್ದಾರಿ. ಉತ್ತರಕ್ಕೆ ಹೊರಟು ಹೆದ್ದಾರಿಯಿಂದ ಒಳಕ್ಕೆ ಹೊರಳಿದರೆ ಕೂಡಲಸಂಗಮ.

ಅಗಲವಾದ ರಸ್ತೆ ಸಿಕ್ಕೊಡನೆ ಕೈ ತಾನಾಗಿ ವೇಗ ಹೆಚ್ಚಿಸುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಸಾಗುತ್ತದೆ. ಎದುರಿಗೆ ಅಪಾಯ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿಯೇ ಆ ಒಂದು ಸೆಕೆಂಡು ಕಳೆದಿರುತ್ತದೆ. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುವುದರಿಂದ ಒಣ ಡಾಂಬರಿನ ಮೇಲೆ ನಿಲ್ಲಿಸುವ ಬಲದಲ್ಲಿ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಅದನ್ನು ಮುಟ್ಟಿದರೆ ಪಲ್ಟಿ ಹೊಡೆಯುತ್ತದೆಂಬ ಭಯದಿಂದ ಹಿಂದಿನದನ್ನಷ್ಟೇ ತುಳಿಯುವವರ ಗಾಡಿ ನಿಲ್ಲುವುದಕ್ಕೆ ಬಹಳ ದೂರ ಬೇಕು. ವಾಹನ ನೆಟ್ಟಗಿರುವಾಗ, ಮೊಣಕಾಲಿನಿಂದ ಟಾಕಿಯನ್ನು ಒತ್ತಿ ಹಿಡಿದು, ಎರಡೂ ಬ್ರೇಕುಗಳನ್ನು ಮೊದಲು ಮೆಲ್ಲಗೆ, ಆಮೇಲೆ ಬಲವಾಗಿ ಒತ್ತುವ ಅಭ್ಯಾಸವನ್ನು ಖಾಲಿ ಬಯಲಿನಲ್ಲಿ ಮಾಡಿರಬೇಕು.

ಹುನಗುಂದದ ಎರೆಯ ದಾರಿಗಳ ಬಗ್ಗೆಯೂ ಒಂದು ಮಾತು. ಮಳೆ ಬಿದ್ದ ಎರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಂಡು ಗಾಲಿಯನ್ನೇ ನಿಲ್ಲಿಸುತ್ತದೆ. ಡಾಂಬರಿಗೆ ಬಂದ ಮೇಲೂ ಟೈರಿಗೆ ಅಂಟಿದ ಮಣ್ಣು ಸ್ವಲ್ಪ ದೂರದವರೆಗೆ ಜಾರಿಸುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರೇಲರುಗಳು ಕತ್ತಲೆಯಲ್ಲಿ ಗೋಡೆಯಂತೆ ನಿಂತಿರುತ್ತವೆ. ಸಂಜೆಯಾದ ಮೇಲೆ ಸಂಗಮದಲ್ಲಿಯೇ ತಂಗುವುದು ಲೇಸು.

ಕೃಷ್ಣೆ ಮಲಪ್ರಭೆಯರು ಕೂಡುವ ಈ ಸ್ಥಳದಲ್ಲಿ ಬಸವಣ್ಣನವರು ಓದಿ ಬೆಳೆದರು, ಇಲ್ಲಿಯೇ ಐಕ್ಯರಾದರು. ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ಐಕ್ಯಮಂಟಪವನ್ನು ಎತ್ತರದ ಗೋಡೆ ಕಾಪಾಡಿಕೊಂಡಿದೆ. ಮೆಟ್ಟಿಲುಗಳನ್ನಿಳಿದು ಕೆಳಗೆ ನಿಂತಾಗ ಮಾತು ತಾನಾಗಿ ನಿಲ್ಲುತ್ತದೆ. ದಯೆಯನ್ನು ಬೋಧಿಸಿದ ಮಹಾತ್ಮರ ಸನ್ನಿಧಿಗೆ ಬರುವ ದಾರಿಯಲ್ಲಿ ಪರರ ಜೀವದ ಚಿಂತೆಯಿಲ್ಲದೆ ವಾಹನ ಓಡಿಸುವುದು ಯಾವ ಭಕ್ತಿ ಎಂಬುದನ್ನು ಪ್ರತಿಯೊಬ್ಬರೂ ಆಲೋಚಿಸಬೇಕು.

ಇಳಕಲ್ಲಿನ ಸೆರಗು

ಹುನಗುಂದದಿಂದ ದಕ್ಷಿಣಕ್ಕೆ ಇಳಕಲ್ಲು. ಕೆಂಪು ಗ್ರಾನೈಟಿಗೂ ಸೀರೆಗೂ ಹೆಸರಾದ ಊರು. ಇಲ್ಲಿನ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟರೆ ಅದು ನಮ್ಮ ತಾಯಂದಿರ ಹಬ್ಬದ ಉಡುಗೆ. ಆ ಸೆರಗು ಗಟ್ಟಿ. ಗಾಲಿಗೆ ಸುತ್ತಿಕೊಂಡರೆ ಅದು ಸುಲಭಕ್ಕೆ ಹರಿಯುವುದಿಲ್ಲ, ಉಟ್ಟವರನ್ನೇ ಎಳೆಯುತ್ತದೆ.

ಹಿಂದಿನ ಗಾಲಿಯ ಅರ್ಧಭಾಗವನ್ನಾದರೂ ಮುಚ್ಚುವ ಕವಚ, ಹಿಡಿಯಲು ಹಿಡಿಕೆ, ಕಾಲಿಡಲು ಮೆಟ್ಟು ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಅಂದಕ್ಕಾಗಿ ಆ ಕವಚವನ್ನು ಬಿಚ್ಚಿಸುವ ತರುಣರಿಗೆ ಮನೆಯವರೇ ಹೇಳಬೇಕು. ಒಂದು ಮಗ್ಗುಲಿಗೆ ಕೂರುವ ತಾಯಂದಿರು ಹೊರಡುವ ಮೊದಲು ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ, ಬಲಗೈಯಿಂದ ಸವಾರನ ಸೊಂಟವನ್ನೂ ಎಡಗೈಯಿಂದ ಹಿಂದಿನ ಹಿಡಿಕೆಯನ್ನೂ ಹಿಡಿದು, ಪಾದಗಳನ್ನು ಮೆಟ್ಟಿನ ಮೇಲೆ ಊರಬೇಕು. ತೊಡೆಯ ಮೇಲೆ ಮಗು, ಕೈಯಲ್ಲಿ ಬುತ್ತಿಯ ಗಂಟು ಇದ್ದರೆ ಹಿಡಿಯಲು ಕೈಯೇ ಉಳಿಯುವುದಿಲ್ಲ. ಸಾಧ್ಯವಾದವರು ಚೂಡಿದಾರ ಧರಿಸಿ ಎರಡೂ ಕಡೆ ಕಾಲಿಟ್ಟು ಕೂರುವುದು ಎಲ್ಲಕ್ಕಿಂತ ಕ್ಷೇಮ. ಅಲ್ಲಿಯೂ ದುಪಟ್ಟಾದ ತುದಿಗಳನ್ನು ಗಂಟುಹಾಕಬೇಕು.

ಕಾನೂನು ಮೋಟಾರ್ ಸೈಕಲ್ಲಿನ ಮೇಲೆ ಸವಾರನ ಹಿಂದೆ ಒಬ್ಬರಿಗೆ ಮಾತ್ರ ಅವಕಾಶ ಕೊಟ್ಟಿದೆ. 2019ರ ತಿದ್ದುಪಡಿಯಂತೆ 4 ವರ್ಷ ಮೀರಿದ ಎಲ್ಲರಿಗೂ ಶಿರಸ್ತ್ರಾಣ ಕಡ್ಡಾಯ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಅವರ ಅಳತೆಯ ಶಿರಸ್ತ್ರಾಣವನ್ನೂ ಸವಾರನಿಗೆ ಬಿಗಿಯುವ ಪಟ್ಟಿಯನ್ನೂ ಬಳಸಬೇಕು, ವೇಗ 40 ಕಿಲೋಮೀಟರು ಮೀರಬಾರದು ಎಂಬ ನಿಯಮ 2022ರಲ್ಲಿ ಪ್ರಕಟವಾಯಿತು. ಹಿರಿಯರು ರುಮಾಲಿನ ಮೇಲೆ ಶಿರಸ್ತ್ರಾಣ ಕೂರುವುದಿಲ್ಲವೆಂದು ಬಿಟ್ಟುಬಿಡುತ್ತಾರೆ. ರುಮಾಲನ್ನು ಚೀಲದಲ್ಲಿಟ್ಟುಕೊಂಡು ಗುಡಿಯ ಮುಂದೆ ಸುತ್ತಿಕೊಳ್ಳಬಹುದು. ಗಲ್ಲದ ಕೆಳಗಿನ ಪಟ್ಟಿ ಬಿಗಿಯದ ಶಿರಸ್ತ್ರಾಣ ಬೀಳುವಾಗ ತಲೆಗಿಂತ ಮೊದಲೇ ಹಾರಿಹೋಗುತ್ತದೆ. ವಯಸ್ಸು ತುಂಬದ ಮಗನಿಗೆ ವಾಹನ ಕೊಟ್ಟು ಅವನು ಅಪರಾಧವೆಸಗಿದರೆ ತಂದೆಗೆ, ಇಲ್ಲವೆ ವಾಹನದ ಒಡೆಯನಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ ವಿಧಿಸಲು ಅದೇ 2019ರ ಕಾಯಿದೆ ಅವಕಾಶ ಕೊಡುತ್ತದೆ.

ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ತಿರುಗಲು ಆರಂಭಿಸಿದರು. ಕಾಸು, ಕಾಳುಗಳ ಬದಲು ಜನರ ದುಶ್ಚಟಗಳನ್ನು ಆ ಜೋಳಿಗೆಗೆ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಕುಡಿದವನ ಮೈ ತನ್ನ ತೂಕವನ್ನೇ ಅರಿಯದು, ಕಣ್ಣು ದೂರವನ್ನು ಅಳೆಯದು. ಇದುವರೆಗೆ ಹೇಳಿದ ಯಾವ ವಿದ್ಯೆಯೂ ಅವನಿಗೆ ಒದಗದು. ಅಂಥ ಸವಾರಿಯ ಚಟವೂ ಆ ಜೋಳಿಗೆಗೆ ಬೀಳತಕ್ಕದ್ದೇ.

ಇನ್ನು ಮನೆಗಳಲ್ಲಿ ಆಗಬೇಕಾದುದು ಬಹಳ ಖರ್ಚಿನ ಕೆಲಸವೇನಲ್ಲ. ಮಗನಿಗಾಗಲಿ ಮಗಳಿಗಾಗಲಿ ಪರವಾನಗಿಯ ವಯಸ್ಸು ಬಂದಾಗ, ಬೆಳೆ ತೆಗೆದ ಖಾಲಿ ಹೊಲದಲ್ಲಿ ನಾಲ್ಕು ರವಿವಾರ ಬೆಳಿಗ್ಗೆ ಅವರೊಡನೆ ಹೋಗಿ ನಿಲ್ಲುವುದು. ಮೊದಲ ದಿನ ಕೂರುವ ಬಗೆ, ದೃಷ್ಟಿ. ಎರಡನೆಯ ದಿನ ಮೆಲ್ಲಗೆ ಓಡಿಸಿ ಹೊರಳಿಸುವುದು. ಮೂರನೆಯ ದಿನ ಎರಡೂ ಬ್ರೇಕು ಹಿಡಿದು ನಿಲ್ಲಿಸುವುದು. ನಾಲ್ಕನೆಯ ದಿನ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಅದನ್ನೇ ಮತ್ತೊಮ್ಮೆ ಮಾಡುವುದು. ಮುಂದಿನ ಬನದ ಹುಣ್ಣಿಮೆಗೆ ಹೊರಡುವ ಪ್ರತಿಯೊಂದು ಕುಟುಂಬವೂ ತೇರು ಕಂಡು, ಸಂಗಮದಲ್ಲಿ ಮಿಂದು, ಸುಖವಾಗಿ ಮನೆ ಸೇರಲೆಂದು ಹಾರೈಸುತ್ತೇವೆ.